ಕಲ್ಲಂಚಿನ ಏಳು ಬಾವುಟ

ಗುರುವಾರ ಬೆಳಗ್ಗೆ ಏಳಕ್ಕೆ ನಾನು ತೋಟದ ಹುಲ್ಲುಹಾಸಿಗೆ ಬಂದಾಗ, ಕಳೆ ಕೀಳುವ ಅತ್ತಿಗೆ ಹುಲ್ಲಿನ ಸುತ್ತಲಿನ ಕಲ್ಲಂಚಿನ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ದಣಿದು ಒರಗಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಕಳೆ ಕೀಳುವ ಕೊಕ್ಕೆ ಮುಷ್ಟಿಯಲ್ಲೇ ಇತ್ತು. ಬಾಯಿಂದ ಜೊಲ್ಲು ಇಳಿದು ಕೆನ್ನೆಯ ಕೆಳಗಿನ ಹುಲ್ಲು ತೋಯ್ದಿತ್ತು. ಅರೆತೆರೆದ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು.

"ಬರಿಗೈಲಿ ಮುಟ್ಟಬೇಡ್ವೋ!"

ಕೂಗಿದವರು ಹುಳದಕ್ಕ. ಅರವತ್ತರ ಹೆಂಗಸು, ಒಂದು ಕೈಯಲ್ಲಿ ಸೋಪಿನ ನೀರಿನ ಬಕೆಟ್ಟು ಹಿಡಿದು ಓಡಿ ಬರುತ್ತಿದ್ದರು. ಸೋಪಿನ ನೀರನ್ನು ಹುಲ್ಲಿನ ಮೇಲೆ ಹೊಯ್ದರೆ ಬುಡದಲ್ಲಿ ಅಡಗಿದ ಹುಳುಗಳು ಮೇಲೆ ಬರುತ್ತವೆ. ಅವನ್ನು ಎಣಿಸುವುದು ಅವರ ದಿನದ ಕೆಲಸ. ಆ ದಿನ ಆ ನೀರಿನಲ್ಲಿ ಅತ್ತಿಗೆಯ ಕೈ, ಕಾಲು, ಮುಖ ತೊಳೆದರು. ನಾನು ಗ್ಲೌಸು ಹಾಕಿಕೊಂಡು ಅತ್ತಿಗೆಯನ್ನು ಎತ್ತಿ ತೋಟದ ವ್ಯಾನಿನಲ್ಲಿ ಮಲಗಿಸಿದೆ.

"ಡಾಕ್ಟರಿಗೆ ಹೇಳು, ಪಾಪೆ ಕುಗ್ಗಿದೆ, ಜೊಲ್ಲು ಸುರಿದಿದೆ, ಹುಳದ ಔಷಧವೇ, ಚರ್ಮದಿಂದ ಒಳಗೆ ಹೋಗಿದೆ ಅಂತ. ಯಾವ ಔಷಧ ಅಂತ ಕೇಳಿದ್ರೆ ಇನ್ನೂ ಗೊತ್ತಿಲ್ಲ ಅನ್ನು," ಎಂದರು ಅಕ್ಕ. ಅವರ ದನಿ ನಡುಗುತ್ತಿತ್ತು. ಹದಿನಾಲ್ಕು ವರ್ಷ ಅವರ ಹಿಂದೆ ಸಲಿಕೆ ಹೊತ್ತು ತಿರುಗಿದ ನಾನು ಆ ದನಿಯನ್ನು ಮೊದಲ ಸಲ ಕೇಳಿದ್ದು.

ನಾನು ಆ ತೋಟದ ಯಂತ್ರಗಳನ್ನು ನೋಡಿಕೊಳ್ಳುವವ. ಹುಲ್ಲು ಕತ್ತರಿಸುವುದೂ ನನ್ನದೇ. ಎಲ್ಲರೂ ಕರೆಯುವುದು 'ಮಿಷನ್' ಅಂತ. ಅಕ್ಕ ಹಿಂದೆ ಬೆಳೆರೋಗದ ಪ್ರಯೋಗಾಲಯದಲ್ಲಿ ಇದ್ದವರು, ನಿವೃತ್ತರಾದ ಮೇಲೆ ತೋಟದ ಮೂಲೆಯ ಎರಡು ಕೋಣೆಯಲ್ಲೇ ಉಳಿದುಕೊಂಡರು. ಕಳವಾದ ಪಂಪಿನಿಂದ ಹಿಡಿದು ಸತ್ತ ಮೀನಿನವರೆಗೆ ಏನೇ ಒಗಟಾದರೂ ನಾವು ತಟ್ಟುತ್ತಿದ್ದದ್ದು ಅವರ ಬಾಗಿಲನ್ನೇ.

ಆಸ್ಪತ್ರೆಯಿಂದ ನಾನು ಹಿಂದಿರುಗುವ ಹೊತ್ತಿಗೆ ಬಿಸಿಲು ಏರಿ ಇಬ್ಬನಿ ಆರಿತ್ತು. ಅತ್ತಿಗೆಗೆ ಉಸಿರಾಡಲು ಕೊಳವೆ ಹಾಕಿದ್ದರು. ಏನೂ ಹೇಳುವ ಹಾಗಿಲ್ಲ ಎಂದಿದ್ದರು ಡಾಕ್ಟರು. ನನ್ನ ಕೈಗೆ ಏನಾದರೂ ಕೆಲಸ ಬೇಕಿತ್ತು. ಗ್ಲೌಸು, ಗಮ್‌ಬೂಟು ಹಾಕಿಕೊಂಡು, ಹಿಂದಿನ ದಿನ ಹುಲ್ಲು ಕತ್ತರಿಸುವಾಗ ತೆಗೆದ, ಹುಳ ಇರುವ ಜಾಗ ತೋರಿಸುವ ಬಾವುಟಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ನೆಟ್ಟೆ. ಯೋಚನೆ ಇಲ್ಲದೆ, ಅಭ್ಯಾಸದ ಮೇಲೆ. ಅದು ಮುಗಿದ ಮೇಲೆ ಮ್ಯಾನೇಜರು ಬಂದು ಹುಲ್ಲುಹಾಸಿನ ಸುತ್ತ ಹಗ್ಗ ಕಟ್ಟಿಸಿದರು.

ಹತ್ತಕ್ಕೆ ಅವರ ಕೋಣೆಯಲ್ಲಿ ಮೇಸ್ತ್ರಿ ನಿಂತಿದ್ದ. ಮೇಸ್ತ್ರಿ ಎಂದರೆ ನಮ್ಮ ತೋಟದ ಹಿರಿಯ ಮಾಲಿ. ಆಸ್ಪತ್ರೆಯಲ್ಲಿ ಮಲಗಿದ್ದವರು ಅವನ ಅಣ್ಣನ ಹೆಂಡತಿ, ಅವನನ್ನು ಐದು ವರ್ಷದವನಿದ್ದಾಗಿನಿಂದ ಸಾಕಿದವರು. ಅವನು ಅತ್ತಿಗೆ ಅನ್ನುತ್ತಿದ್ದ, ಹಾಗಾಗಿ ತೋಟಕ್ಕೆಲ್ಲ ಅವರು ಅತ್ತಿಗೆಯೇ.

"ಈ ತೋಟದಲ್ಲಿ ವಿಷ ಇರೋದು ಒಂದೇ ಕಪಾಟಲ್ಲಿ. ಅದರ ಬೀಗದಕೈ ಇರೋದು ನಿನ್ನ ಸೊಂಟದಲ್ಲಿ," ಎಂದರು ಮ್ಯಾನೇಜರು. "ಬಾಟ್ಲಿ ಅರ್ಧ ಖಾಲಿ. ಏನು ಹೇಳ್ತೀಯ?"

"ಮೂರು ವರ್ಷದಿಂದ ಅರ್ಧವೇ ಇದೆ ಸಾರ್. ಆಗ ಬೇಲಿಗೆ ಒಂದು ಸಲ ಹೊಡೆದದ್ದು."

"ಈ ಭಾನುವಾರ ಪಂದ್ಯ. ಹುಲ್ಲಲ್ಲಿ ಹುಳ ಬಿದ್ದಿದೆ ಅಂತ ಎಲ್ಲರೂ ನಿನ್ನ ಬೈತಾ ಇದ್ರು. ಕದ್ದು ಹೊಡೆದುಬಿಟ್ಟೆ, ಹೇಳೋಕೆ ಆಗಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡರು. ಹುಲ್ಲುಹಾಸಿನ ಮೇಲೆ ಚೆಂಡು ಉರುಳಿಸಿ ಆಡುವ ತಂಡಕ್ಕೆ ಇಪ್ಪತ್ತೆರಡು ವರ್ಷ ನಾಯಕರಾಗಿದ್ದವರು. ನೆಟ್ಟಗಿನ ಬೆನ್ನು, ಬಿಳಿ ಅಂಗಿ, ಮೆದು ಮಾತು.

"ನನಗೆ ಹೇಳೋಕೆ ಮನಸ್ಸಿಲ್ಲ. ಆದರೆ ಸೋಮವಾರ ಇವನು 'ಈ ಹುಳಕ್ಕೆ ಒಂದು ಗತಿ ಕಾಣಿಸ್ತೀನಿ' ಅಂದದ್ದು ನನ್ನ ಕಿವಿಗೆ ಬಿತ್ತು," ಎಂದರು ಕ್ಯಾಪ್ಟನ್. "ಬೇಕಂತ ಮಾಡಿರಲ್ಲ ಪಾಪ. ಪೊಲೀಸು ಗಿಲೀಸು ಬೇಡ, ಕೆಲಸದಿಂದ ಬಿಟ್ಟು ಕಳಿಸಿಬಿಡಿ, ಸಾಕು."

"ನಾಳೆ ಸಂಜೆ ಐದಕ್ಕೆ ಇನ್ಸ್‌ಪೆಕ್ಟರು ಬರ್ತಾರೆ. ಅಷ್ಟರೊಳಗೆ ಒಪ್ಪಿಕೊಂಡ್ರೆ ಒಳ್ಳೇದು," ಎಂದರು ಮ್ಯಾನೇಜರು.

ಹೊರಗೆ ಬಂದ ಮೇಲೆ ಮೇಸ್ತ್ರಿ ಅಕ್ಕನ ಮುಂದೆ ಕುಸಿದು ಕುಳಿತ. "ಜೈಲಿಗೆ ಹಾಕಲಿ ಅಕ್ಕ. ಆದರೆ ಎಚ್ಚರ ಬಂದಾಗ ಅತ್ತಿಗೆ ಕಿವಿಗೆ ಇದು ಬೀಳಬಾರದು. ಮೈದುನನೇ ವಿಷ ಹಾಕ್ದ ಅಂತ..."

"ಏಳು ಮೇಲೆ," ಎಂದರು ಅಕ್ಕ. "ಕೂತು ಅಳೋಕೆ ನಾಳೆ ಸಂಜೆ ಮೇಲೆ ಪುರುಸೊತ್ತಿದೆ."

ನಮ್ಮ ತೋಟದ ಪದ್ಧತಿಯನ್ನು ಇಲ್ಲಿ ಹೇಳಬೇಕು. ಹುಳ ಕಂಡ ಕೂಡಲೇ ಔಷಧ ಹೊಡೆಯುವ ಜಾಯಮಾನ ನಮ್ಮದಲ್ಲ. ಮೊದಲು ಎಣಿಕೆ. ಒಂದು ಚದರಡಿಯಲ್ಲಿ ಹುಲ್ಲು ತಿನ್ನುವ ಸೈನಿಕ ಹುಳು ಐದಕ್ಕಿಂತ ಕಡಿಮೆ ಇದ್ದರೆ ಸುಮ್ಮನಿರುವುದು, ಹೆಚ್ಚಾದರೆ ನೀರು, ಕತ್ತರಿಸುವ ಎತ್ತರ ಬದಲಿಸಿ ನೋಡುವುದು, ಕಟ್ಟಕಡೆಗೆ ಆ ತೇಪೆಗೆ ಮಾತ್ರ ಔಷಧ. ಔಷಧ ಬೇಕೆಂದರೆ ಕೆಂಪು ಬಾವುಟ. ಹುಳ ಇದೆ, ಆದರೆ ಮುಟ್ಟಬೇಡಿ ಎಂದರೆ ಬಿಳಿ ಬಾವುಟ. ಆ ವಾರ ಅಕ್ಕ ಹುಲ್ಲುಹಾಸಿನ ನಡುವೆ ಏಳು ಬಿಳಿ ಬಾವುಟ ನೆಟ್ಟಿದ್ದರು. ಅಲ್ಲಿಯ ಹುಳುಗಳ ಬೆನ್ನಿನ ಮೇಲೆ ಅಕ್ಕಿ ನುಚ್ಚಿನಂಥ ಬಿಳಿ ಗೂಡುಗಳಿದ್ದವು. ಸಣ್ಣ ಕಣಜಗಳು ಹುಳುವಿನ ಒಳಗೇ ಮೊಟ್ಟೆಯಿಡುತ್ತಿದ್ದವು, ಮರಿಗಳು ಅದನ್ನು ತಿಂದು ಮುಗಿಸುತ್ತಿದ್ದವು. "ನಮ್ಮ ಕೂಲಿಯವರು ಬಂದಿದ್ದಾರೆ, ಅಡ್ಡ ಹೋಗಬೇಡ," ಎಂದಿದ್ದರು ಅಕ್ಕ. ಮೇಸ್ತ್ರಿ 'ಗತಿ ಕಾಣಿಸ್ತೀನಿ' ಎಂದದ್ದು ಆ ಕಣಜಗಳನ್ನು ನೆಚ್ಚಿಕೊಂಡೇ.

ಆ ಗುರುವಾರ ಮಧ್ಯಾಹ್ನ ನನ್ನ ಅನುಮಾನವೆಲ್ಲ ಹುಳದ ಔಷಧ ಮಾರುವ ಅಂಗಡಿಯವನ ಮೇಲಿತ್ತು. ನಮ್ಮ ಪದ್ಧತಿ ಬಂದ ಮೇಲೆ ಅವನ ವ್ಯಾಪಾರಕ್ಕೆ ಕಲ್ಲು ಬಿದ್ದಿತ್ತು. ಬುಧವಾರ ಸಂಜೆ ಅವನು ಚೀಲ ತೂಗಿಸಿಕೊಂಡು ತೋಟದಲ್ಲಿ ತಿರುಗಿದ್ದನ್ನು ನಾನೇ ಕಂಡಿದ್ದೆ.

"ಅವನೇ ಅಕ್ಕ. ನಮ್ಮ ಹೆಸರು ಕೆಡಿಸೋಕೆ."

"ಯಾವುದರಲ್ಲಿ ಹೊಡೆದ?"

"ಅಂದ್ರೆ?"

"ತೋಟದ ಸಿಂಪರಣೆ ಪಂಪು ಎಲ್ಲಿತ್ತು?"

"ನನ್ನ ಷೆಡ್ಡಲ್ಲಿ. ವಾಷರ್ ಹೋಗಿತ್ತು, ಬಿಚ್ಚಿ ಹಾಕಿದ್ದೀನಿ. ಇನ್ನೂ ಜೋಡಿಸಿಲ್ಲ."

"ಹಾಗಾದ್ರೆ ಅದು ಅಲ್ಲ," ಎಂದು ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಶುಕ್ರವಾರ ಬೆಳಗ್ಗೆ ವಿಷ ತನ್ನ ಗುರುತನ್ನು ತಾನೇ ತೋರಿಸಿಕೊಂಡಿತು. ಹಗ್ಗದ ಹೊರಗೆ ನಿಂತು ನೋಡಿದರೆ ಹಸಿರಿನ ಮೇಲೆ ಹಳದಿ ವೃತ್ತಗಳು ಎದ್ದಿದ್ದವು. ಪಾತ್ರೆ ತೊಳೆದಿಡುವ ಬುಟ್ಟಿಯಷ್ಟು ಅಗಲ, ಸರಿಯಾಗಿ ಏಳು. ಎಲ್ಲವೂ ಕಲ್ಲಂಚಿಗೆ ಅಂಟಿಕೊಂಡೇ ಇದ್ದವು. ನಡುವಿನ ಹುಲ್ಲು, ನಾನು ಮತ್ತೆ ನೆಟ್ಟ ಏಳು ಬಿಳಿ ಬಾವುಟಗಳು ನಿಂತಿದ್ದ ಜಾಗ, ಹಸಿರಾಗಿಯೇ ಇತ್ತು. ವೃತ್ತಗಳ ಒಳಗೆ ಎರೆಹುಳುಗಳು ಮಣ್ಣಿನ ಮೇಲೆ ಬಂದು ಸತ್ತಿದ್ದವು. ಎರಡು ಗುಬ್ಬಿಗಳೂ ಬಿದ್ದಿದ್ದವು.

"ನಡುವೆ ದಟ್ಟ, ಅಂಚಿಗೆ ತೆಳು," ಎಂದರು ಅಕ್ಕ ಕುಕ್ಕರುಗಾಲಲ್ಲಿ ಕೂತು. "ಪಂಪಿನದು ಮಂಜಿನ ಹಾಗೆ ಒಂದೇ ಸಮ ಬೀಳುತ್ತೆ. ಇದು ಮೇಲಿಂದ ಹೊಯ್ದದ್ದು."

"ಆದರೆ ಇಲ್ಲಿ ಯಾಕೆ ಹೊಯ್ಯಬೇಕು? ಇಲ್ಲಿ ಹುಳವೇ ಇಲ್ಲವಲ್ಲ!"

"ಅದನ್ನೇ ನಾನೂ ಕೇಳ್ತಿರೋದು." ಅವರು ಎದ್ದು ಮಂಡಿ ಒರೆಸಿಕೊಂಡರು. "ನಡಿ, ಇವತ್ತು ಶುಕ್ರವಾರ. ಗುಲಾಬಿ ಗಿಡದ ಹೇನು ಎಣಿಸಬೇಕು."

ನನಗೆ ರೇಗಿತು. "ಅಕ್ಕ! ಅಲ್ಲಿ ಅತ್ತಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಾರೆ, ಇಲ್ಲಿ ಮೇಸ್ತ್ರಿಗೆ ಬೇಡಿ ಬೀಳುತ್ತೆ, ನಿಮಗೆ ಹೇನಿನ ಲೆಕ್ಕ?"

"ಲೆಕ್ಕ ತಪ್ಪಿಸಿದ ದಿನವೇ ಏನೋ ಆಗಿರುತ್ತೆ ಕಣೋ," ಎಂದು ಅವರು ನಡೆದೇಬಿಟ್ಟರು.

ಆಟಗಾರರ ಕೋಣೆಯ ಜಗಲಿಯಲ್ಲಿ ಕ್ಯಾಪ್ಟನ್ನರ ಆರು ಗುಲಾಬಿ ಕುಂಡಗಳಿದ್ದವು. ಅವರೇ ತಂದು ಅವರೇ ಸಾಕಿದ್ದು. ಪ್ರತಿ ವಾರ ಅಕ್ಕ ಅವುಗಳ ಕುಡಿಯ ರಸ ಹೀರುವ ಹೇನು ಎಣಿಸುತ್ತಿದ್ದರು. ಹೇನು ತಿನ್ನುವ ಗುಲಗಂಜಿ ಹುಳುಗಳನ್ನೂ ಎಣಿಸುತ್ತಿದ್ದರು. ಕ್ಯಾಪ್ಟನ್ ನಮ್ಮನ್ನು ಕಂಡು ಎದ್ದು ಬಂದರು.

"ಬನ್ನಿ ಅಕ್ಕ. ಈ ಬೇಜಾರಲ್ಲೂ ಒಂದು ಒಳ್ಳೆ ಸುದ್ದಿ. ನೀವು ಹೇಳಿದ ಹಾಗೆ ದಿನಾ ಬೆಳಗ್ಗೆ ಎಲೆ ಮೇಲೇ ನೀರು ಹೊಯ್ದು ಹೇನು ತೊಳೀತಿದ್ದೆನಲ್ಲ, ನೋಡಿ ಈಗ!"

ಮೆಟ್ಟಿಲ ಬಳಿಯ ಮೊದಲ ಕುಂಡದ ಕುಡಿಗಳು ಹೊಳೆಯುತ್ತಿದ್ದವು. ಅಕ್ಕ ಭೂತಗನ್ನಡಿ ಹಿಡಿದು ನೋಡಿದರು. ನಾನು ಬರೆದುಕೊಂಡೆ. ಮೊದಲ ಕುಂಡ: ಹೇನು ಸೊನ್ನೆ, ಗುಲಗಂಜಿ ಹುಳು ಸೊನ್ನೆ, ಇರುವೆ ಸೊನ್ನೆ. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಹೇನು ಒಂಬತ್ತು. ನಾಲ್ಕನೆಯದರಲ್ಲಿ ಮೂವತ್ತೊಂದು. ಐದು, ಆರರಲ್ಲಿ ಹೋದ ವಾರದಷ್ಟೇ, ಇರುವೆ ಸಾಲೂ ಗುಲಗಂಜಿ ಹುಳುಗಳೂ ಓಡಾಡುತ್ತಿದ್ದವು.

"ಯಾವ ಕಡೆಯಿಂದ ನೀರು ಹಾಕ್ತೀರಿ?" ಎಂದು ಅಕ್ಕ ಸಹಜವಾಗಿ ಕೇಳಿದರು.

"ಮೆಟ್ಟಿಲ ಕಡೆಯಿಂದ. ನಲ್ಲಿ ಅಲ್ಲೇ ಅಲ್ವಾ? ಒಂದು ಕ್ಯಾನು ಎರಡು ಕುಂಡಕ್ಕೆ." ಅವರು ಗೋಡೆಗೆ ಒರಗಿದ್ದ ಹಸಿರು ಕ್ಯಾನನ್ನು ಪ್ರೀತಿಯಿಂದ ತಟ್ಟಿದರು. "ನನ್ನ ಗುಲಾಬಿಗೆ ಬೇರೆಯವರ ಕೈ ಬೀಳೋದು ನನಗಾಗಲ್ಲ."

ಅಕ್ಕ ಮೊದಲ ಕುಂಡದಿಂದ ಎರಡು ಎಲೆ, ಆರನೆಯದರಿಂದ ಎರಡು ಎಲೆ ಕಿತ್ತು ಬೇರೆ ಬೇರೆ ಕಾಗದದಲ್ಲಿ ಸುತ್ತಿಕೊಂಡರು. ಮೆಟ್ಟಿಲು ಇಳಿದು ನಾಲ್ಕು ಹೆಜ್ಜೆ ಹೋದ ಮೇಲೆ ತಟ್ಟನೆ ನಿಂತರು.

"ಮಿಷನ್, ಬುಧವಾರ ಹುಲ್ಲು ಕತ್ತರಿಸಿದ್ದು ಎಷ್ಟು ಹೊತ್ತಿಗೆ?"

"ಮೂರರಿಂದ ಐದು."

"ಬಾವುಟ ವಾಪಸು ನೆಟ್ಟದ್ದು?"

"ಎಂದಿನ ಹಾಗೆ, ಮಾರನೇ ದಿನ ಇಬ್ಬನಿ ಆರಿದ ಮೇಲೆ. ನಿನ್ನೆ, ಆಸ್ಪತ್ರೆಯಿಂದ..." ನಾನು ತಿರುಗಿ ಆ ಹಳದಿ ವೃತ್ತಗಳನ್ನು ನೋಡಿದೆ.

"ಎಂಥ ಕೆಲಸ ಮಾಡಿದ್ಯೋ ತಮ್ಮಾ," ಎಂದರು ಅಕ್ಕ. ಸಿಟ್ಟು ಇರಲಿಲ್ಲ. "ಒಂದು ದಾರದುಂಡೆ ತಗೊಂಡು ಬಾ."

ಐದು ಗಂಟೆಗೆ ಆಟಗಾರರ ಕೋಣೆಯಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರು ಕಿಟಕಿಯ ಪಕ್ಕ, ಮ್ಯಾನೇಜರು ಮೇಜಿನ ತುದಿಗೆ. ಕ್ಯಾಪ್ಟನ್ ತಮ್ಮ ಎಂದಿನ ಕುರ್ಚಿಯಲ್ಲಿ. ಅಕ್ಕ ಕರೆಸಿದ್ದ ಅಂಗಡಿಯವನು ಚೀಲವನ್ನು ತೊಡೆಯ ಮೇಲಿಟ್ಟು ಬೆವರುತ್ತಿದ್ದ. ಮೇಸ್ತ್ರಿ ಗೋಡೆಗೆ ಒತ್ತಿ ನಿಂತಿದ್ದ, ಕೂರು ಎಂದರೂ ಕೂರಲಿಲ್ಲ. ಮೇಜಿನ ಮೇಲೆ ಕರವಸ್ತ್ರ ಮುಚ್ಚಿದ ಎರಡು ಗಾಜಿನ ಜಾಡಿಗಳಿದ್ದವು.

"ಬೇಗ ಹೇಳಿಬಿಡಿ ಅಕ್ಕ," ಎಂದರು ಮ್ಯಾನೇಜರು.

"ಬೇಗ ಹೇಳಿದ್ರೆ ನೀವು ನಂಬಲ್ಲ ಸಾರ್. ಮೊದಲು, ಏಳು ವೃತ್ತ. ಹುಳ ಇದ್ದದ್ದು ಹುಲ್ಲುಹಾಸಿನ ನಡುವೆ, ವಿಷ ಬಿದ್ದದ್ದು ಅಂಚಲ್ಲಿ. ಹುಳ ಕೊಲ್ಲೋಕೆ ಬಂದವನು ಹುಳ ಇಲ್ಲದ ಕಡೆ ಯಾಕೆ ಹೊಯ್ದ? ಮಿಷನ್, ಬುಧವಾರ ಸಂಜೆ ಬಾವುಟ ಎಲ್ಲಿದ್ದವು ಹೇಳು."

ನಾನು ಎದ್ದು ನಿಂತೆ. "ಹುಲ್ಲು ಕತ್ತರಿಸೋ ದಿನ ಬಾವುಟ ಕೀಳ್ತೀನಿ. ಬಾವುಟದ ಜಾಗಕ್ಕೆ ನೆಲದ ಮಟ್ಟಕ್ಕೆ ಒಂದು ಮರದ ಗೂಟ ಇರುತ್ತೆ, ಬ್ಲೇಡಿಗೆ ತಾಗಲ್ಲ. ಬಾವುಟವನ್ನ ಅದರ ನೇರಕ್ಕೆ ಕಲ್ಲಂಚಿನ ಪಕ್ಕ ಚುಚ್ಚಿರ್ತೀನಿ. ಮಾರನೇ ದಿನ ವಾಪಸು ನೆಡ್ತೀನಿ. ನಿನ್ನೆ ಇಷ್ಟೆಲ್ಲ ಗಲಾಟೆ ಮಧ್ಯೆ ಅದನ್ನೇ ಮಾಡಿದೆ. ಗುರುತು ಅಳಿಸಿದವನು ನಾನೇ."

"ಇವತ್ತು ಮಧ್ಯಾಹ್ನ ಗೂಟದಿಂದ ಅಂಚಿಗೆ ದಾರ ಹಿಡಿದು ನೋಡಿದ್ವಿ," ಎಂದರು ಅಕ್ಕ. "ಏಳಕ್ಕೆ ಏಳೂ ವೃತ್ತದ ನಡುವೆ ಹೋಯ್ತು. ವೃತ್ತದ ಮಧ್ಯ ಬಾವುಟದ ಕಂಬಿ ಚುಚ್ಚಿದ ತೂತು ಇನ್ನೂ ಇದೆ. ಅಂದ್ರೆ ವಿಷ ಬಿದ್ದದ್ದು ಬುಧವಾರ ಐದರಿಂದ ಅತ್ತಿಗೆ ಬರೋದರೊಳಗೆ. ಹೊಯ್ದವರು ಬಾವುಟ ಕಂಡಲ್ಲಿ ಹುಳ ಇದೆ ಅಂದ್ಕೊಂಡ್ರು. ಬಿಳಿ ಬಾವುಟ ಅಂದ್ರೆ ಮುಟ್ಟಬೇಡಿ ಅಂತ ಗೊತ್ತಿಲ್ಲ, ಕತ್ತರಿಸೋ ದಿನ ಬಾವುಟ ಅಂಚಿಗೆ ಬರುತ್ತೆ ಅಂತಲೂ ಗೊತ್ತಿಲ್ಲ. ಈ ಎರಡೂ ನಿಯಮ ಮಾಡಿದ್ದು ಯಾರು ಸಾರ್?"

"ಮೇಸ್ತ್ರಿ," ಎಂದರು ಮ್ಯಾನೇಜರು. ಎಲ್ಲರ ಕಣ್ಣು ಮೇಸ್ತ್ರಿಯ ಕಡೆ ತಿರುಗಿತು.

"ಕಳೆ ಕೀಳೋರು ಗುರುವಾರ ಬೆಳಗ್ಗೆ ಕೂರೋದೇ ಕಲ್ಲಂಚಿನ ಪಕ್ಕ. ಅದನ್ನೂ ಇವನಿಗೆ ನಾವು ಹೇಳಿಕೊಡಬೇಕಾ?" ಎಂದರು ಅಕ್ಕ.

"ಹಾಗಾದ್ರೆ ಇವನು!" ಮ್ಯಾನೇಜರು ಅಂಗಡಿಯವನ ಕಡೆ ಬೆರಳು ಚಾಚಿದರು.

"ಅಯ್ಯೋ ಸಾರ್, ನಾನು ನಿಮ್ಮನ್ನೇ ಕಾಣೋಕೆ ಬಂದಿದ್ದೆ! ನೀವೇ ಸಿಗಲಿಲ್ಲ!"

"ಅವನು ಮಾರೋದು ಔಷಧ, ಹೊಡೆಯೋದೂ ಕಲಿತಿದ್ದಾನೆ," ಎಂದರು ಅಕ್ಕ. "ಸೈನಿಕ ಹುಳ ಕಲ್ಲಂಚಲ್ಲಿ ಗುಂಪು ಕೂರಲ್ಲ ಅಂತ ಅವನಿಗೆ ಗೊತ್ತು. ಬೆನ್ನಿಗೆ ಪಂಪು ಇಲ್ಲದೆ ಅವನು ಕೆಲಸಕ್ಕೆ ಇಳಿಯಲ್ಲ. ಇಲ್ಲಿ ಬಿದ್ದದ್ದು ತೂತು ಮೂತಿಯ ಕ್ಯಾನಿನ ನೀರು. ಆ ಕ್ಯಾನು ಎಲ್ಲಿದೆ ಅಂತ ನನಗೆ ಹೇಳಿದ್ದು ಗುಲಾಬಿ ಗಿಡ."

ಕ್ಯಾಪ್ಟನ್ ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಿದ್ದರು.

"ನೀರಿನಿಂದ ತೊಳೆದ್ರೆ ಹೇನು ಕಡಿಮೆಯಾಗುತ್ತೆ, ಸೊನ್ನೆಯಾಗಲ್ಲ. ಹೇನು ಹೋದ್ರೂ ಅದನ್ನ ತಿನ್ನೋ ಹುಳು ಸಾಯಲ್ಲ. ಮೊದಲ ಕ್ಯಾನು ನೀರು ಬಿದ್ದ ಎರಡು ಕುಂಡದಲ್ಲಿ ಒಂದು ಜೀವ ಇಲ್ಲ. ಎರಡನೇ ಕ್ಯಾನಿನ ಎರಡರಲ್ಲಿ ಸ್ವಲ್ಪ ಇದೆ. ಮೂರನೇ ಕ್ಯಾನಿನ ಎರಡರಲ್ಲಿ ಎಲ್ಲ ಇದೆ. ಯಾರೋ ಬೇಕಂತ ಗುಲಾಬಿಗೆ ಹೊಡೆದಿದ್ರೆ ಆರಕ್ಕೂ ಬೀಳ್ತಿತ್ತು. ಇದು ಕ್ಯಾನಿನ ತಳದಲ್ಲಿ, ಮೂತಿಯಲ್ಲಿ ಉಳಿದ ವಿಷ, ತುಂಬಿಸಿದ ಹಾಗೆಲ್ಲ ತೊಳೆದುಹೋಗಿದೆ. ಔಷಧ ಮುಟ್ಟಿದ ಪಾತ್ರೆಯನ್ನ ಮೂರು ಸಲ ತೊಳೀಬೇಕು ಅಂತ ತೋಟದ ಪ್ರತಿ ಆಳಿಗೂ ಗೊತ್ತು. ತೊಳೆದವರು ಒಂದೇ ಸಲ ತೊಳೆದಿದ್ದಾರೆ."

ಅವರು ಕರವಸ್ತ್ರ ಎತ್ತಿದರು. ಎರಡು ಜಾಡಿ, ಎರಡರಲ್ಲೂ ಗುಲಾಬಿ ಎಲೆ. ಮಧ್ಯಾಹ್ನ ಬೇಲಿಯಿಂದ ಹಿಡಿದು ತಂದ ಗುಲಗಂಜಿ ಹುಳುಗಳನ್ನು ನಾನೇ ಐದೈದು ಬಿಟ್ಟಿದ್ದೆ. ಆರನೆಯ ಕುಂಡದ ಎಲೆಯ ಜಾಡಿಯಲ್ಲಿ ಐದೂ ಗಾಜು ಹತ್ತುತ್ತಿದ್ದವು. ಮೊದಲ ಕುಂಡದ ಎಲೆಯ ಜಾಡಿಯಲ್ಲಿ ಐದೂ ಕಾಲು ಮೇಲೆ ಮಾಡಿ ಬಿದ್ದಿದ್ದವು.

"ಈ ಕ್ಯಾನನ್ನ ಬೇರೆ ಯಾರೂ ಮುಟ್ಟಲ್ಲ ಅಂದಿದ್ರಿ ಕ್ಯಾಪ್ಟನ್," ಎಂದರು ಅಕ್ಕ ಮೆಲ್ಲಗೆ.

ಕ್ಯಾಪ್ಟನ್ನರ ಆ ನೆಟ್ಟಗಿನ ಬೆನ್ನು ಕುರ್ಚಿಗೆ ಒರಗಿತು.

"ಅಪ್ಪನ ಕಾಲದ ಬಾಟ್ಲಿ. ಮನೆಯ ಹಳೇ ಷೆಡ್ಡಲ್ಲಿತ್ತು," ಎಂದರು. "ಭಾನುವಾರದ್ದು ನನ್ನ ಕೊನೇ ಪಂದ್ಯ. ಆ ಹುಲ್ಲಲ್ಲಿ ಹುಳ ಓಡಾಡೋದು ನೋಡೋಕಾಗಲಿಲ್ಲ. ಬುಧವಾರ ಸಂಜೆ ಕ್ಯಾನಿನ ನೀರಿಗೆ ಬೆರೆಸಿ ಬಾವುಟ ಕಂಡ ಕಡೆ ಸ್ವಲ್ಪ ಸ್ವಲ್ಪ ಹೊಯ್ದೆ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಬೆಳಗ್ಗೆ ಗಿಡಕ್ಕೆ ನೀರು ಹಾಕಿ ತಿರುಗಿದ್ರೆ ಆ ಹೆಂಗಸು... ಬಾಯಿ ಕಟ್ಟಿಹೋಯ್ತು. ಆಮೇಲೆ ಒಂದೊಂದು ಗಂಟೆ ಕಳೆದ ಹಾಗೆ ಹೇಳೋದು ಇನ್ನೂ ಕಷ್ಟ ಆಯ್ತು."

"ಇವನ ಮೇಲೆ ಹೇಳೋದು ಸುಲಭ ಆಯ್ತು," ಎಂದರು ಇನ್ಸ್‌ಪೆಕ್ಟರು. ಆ ಸಂಜೆ ಅವರು ಆಡಿದ ಮೊದಲ ಮಾತು ಅದು.

ಮೇಸ್ತ್ರಿ ಗೋಡೆ ಬಿಟ್ಟು ಮುಂದೆ ಬಂದ. ಹೊಡೆಯುತ್ತಾನೆ ಎಂದು ನಾನು ಅರ್ಧ ಎದ್ದೆ. ಅವನು ಹೊಡೆಯಲಿಲ್ಲ.

"ನನ್ನ ಹೆಸರು ಹೇಳಿದ್ದು ಬಿಡಿ ಕ್ಯಾಪ್ಟನ್. ನಿನ್ನೆಯಿಂದ ಡಾಕ್ಟರು ಯಾವ ಔಷಧ, ಯಾವ ಔಷಧ ಅಂತ ಕೇಳ್ತಾನೇ ಇದ್ದಾರೆ. ಹೆಸರು ಹೇಳದೆ ಆಸ್ಪತ್ರೆಗೆ ಒಂದು ಫೋನ್ ಮಾಡಬಹುದಿತ್ತಲ್ಲ?"

ಕ್ಯಾಪ್ಟನ್ ತಲೆ ಎತ್ತಲಿಲ್ಲ. ಬಾಟ್ಲಿಯ ಮೇಲಿನ ಹೆಸರನ್ನು ಅವರು ಮೆಲುದನಿಯಲ್ಲಿ ಹೇಳಿದರು, ಅಕ್ಕ ಬರೆದುಕೊಂಡರು, ಮೇಸ್ತ್ರಿ ಆ ಚೀಟಿ ಕಿತ್ತುಕೊಂಡು ಟೆಲಿಫೋನಿನ ಕಡೆ ಓಡಿದ. ಇನ್ಸ್‌ಪೆಕ್ಟರರ ಜೊತೆ ಹೊರಡುವಾಗ ಕ್ಯಾಪ್ಟನ್ ಜಗಲಿಯಲ್ಲಿ ಒಂದು ಗಳಿಗೆ ನಿಂತರು.

"ಈ ಗುಲಾಬಿ ಬದುಕುತ್ತಾ ಅಕ್ಕ?"

"ಹೇನು ವಾಪಸು ಬಂದ ದಿನ ಬದುಕಿತು ಅಂತ ತಿಳ್ಕೊಳ್ಳಿ."

ಅತ್ತಿಗೆಯ ಕೊಳವೆ ತೆಗೆದದ್ದು ಭಾನುವಾರ. ಪಂದ್ಯ ನಡೆಯಲಿಲ್ಲ. ಏಳು ವೃತ್ತಗಳ ಮಣ್ಣನ್ನು ಮೊಳದಾಳಕ್ಕೆ ತೆಗೆದು ದೂರ ಸಾಗಿಸಿ ಹೊಸ ಹುಲ್ಲು ಹಾಕಿದೆವು. ಬಿಳಿ ಬಾವುಟ ಎಂದರೇನು, ಕೆಂಪು ಎಂದರೇನು ಎಂದು ದೊಡ್ಡಕ್ಷರದಲ್ಲಿ ಬರೆಸಿದ ಹಲಗೆಯನ್ನು ಮೇಸ್ತ್ರಿಯೇ ಆಟಗಾರರ ಕೋಣೆಯ ಬಾಗಿಲಿಗೆ ಹೊಡೆದ. ಮ್ಯಾನೇಜರು ಮೊಳೆ ಹಿಡಿದುಕೊಂಡು ನಿಂತಿದ್ದರು. ಕ್ಷಮೆ ಕೇಳಲು ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಐದು ವಾರದ ನಂತರ ಅತ್ತಿಗೆ ಗ್ಲೌಸು ತೊಟ್ಟು ಕೆಲಸಕ್ಕೆ ಬಂದರು. ಮೊದಲ ದಿನವೇ ಜಗಲಿಯ ಕಡೆಯಿಂದ ಅವರ ಕೂಗು ಕೇಳಿತು.

"ಹುಳದಕ್ಕಾ! ಮೆಟ್ಟಿಲ ಪಕ್ಕದ ಗುಲಾಬಿಗೆ ಹೇನು ಹತ್ತಿದೆ ಕಣೇ! ಕಿತ್ತು ಹಾಕ್ಲಾ?"

ಅಕ್ಕ ಮಂಡಿನೋವನ್ನೂ ಮರೆತು ಓಡಿದರು. ನಾನು ಪುಸ್ತಕ ಹಿಡಿದು ಹಿಂದೆ ಓಡಿದೆ.

"ಮುಟ್ಟಬೇಡ," ಎಂದರು ಅಕ್ಕ, ಭೂತಗನ್ನಡಿ ಕಣ್ಣಿಗೊತ್ತಿ. "ಬರ್ಕೊ ಮಿಷನ್. ಮೊದಲ ಕುಂಡ. ಹೇನು, ಹನ್ನೊಂದು." ಸ್ವಲ್ಪ ಹೊತ್ತು ಎಲೆ ತಿರುಗಿಸಿ ನೋಡಿದರು. "ಗುಲಗಂಜಿ ಹುಳು, ಒಂದು."